ನಲವತ್ತಮೂರನೇ ಪ್ರಶ್ನೆ

"ಮನೆಯವರನ್ನೂ ಕರ್ಕೊಂಡು ಬರ್ರಿ ಅಂತ ಬರೆದಿದ್ರಲ್ಲ ಮೇಡಮ್ಮಾರೆ, ಅದಕ್ಕೇ ಇವಳನ್ನೂ ಹೊರಡಿಸ್ಕೊಂಡು ಬಂದೆ," ಎಂದರು ಕಾಟಯ್ಯ. ಪಕ್ಕದಲ್ಲಿ ಅವರ ಹೆಂಡತಿ ಕೆಂಚಕ್ಕ ಹೊಸ ಸೀರೆ ಉಟ್ಟು ನಿಂತಿದ್ದರು. "ದಾಳಿಂಬೆ ಸಸಿ ಕೊಳ್ಳಕ್ಕೆ ಹೆಂಡ್ತಿ ಯಾಕ್ ಬೇಕೋ ತಿಳೀಲಿಲ್ಲ ತಾಯಿ."

ಶಿವಗಂಗಾಳ ಮುಖ ಕಿವಿಯವರೆಗೂ ಕೆಂಪಾಯಿತು. ಆ ಮಾತು ಬರೆದವಳು ಅವಳೇ. ಬರೆದದ್ದು ಮಾತ್ರ ಕಾಟಯ್ಯನವರಿಗಲ್ಲ.

ಹೊಸದುರ್ಗದ ಹೊರಗಿರುವ ಆ ನರ್ಸರಿ ಅವಳಪ್ಪ ರೇವಣಸಿದ್ದಪ್ಪನವರದು. ಎರಡು ವರ್ಷದ ಹಿಂದೆ, 2006ರಲ್ಲಿ, ಚಿತ್ರದುರ್ಗದಲ್ಲಿ ಸೈಬರ್ ಸೆಂಟರ್ ಇಟ್ಟಿದ್ದ ರಾಜಶೇಖರ್ ಅದಕ್ಕೊಂದು ವೆಬ್‌ಸೈಟ್ ಮಾಡಿಕೊಟ್ಟಿದ್ದ. ಸೈಟೇನೋ ಆಯಿತು, ಗೂಗಲ್‌ನಲ್ಲಿ ಹುಡುಕಿದರೆ ಎಂಟನೇ ಪುಟದಲ್ಲೂ ಕಾಣುತ್ತಿರಲಿಲ್ಲ.

"ಗೂಗಲ್‌ಗೆ ಫೋಟೋ ಬ್ಯಾಡ ಗಂಗಾ, ಮಾತು ಬೇಕು," ಎಂದಿದ್ದ ಅವನು. "ರೈತರು ಫೋನಲ್ಲಿ ಹೆಂಗ್ ಕೇಳ್ತಾರೋ ಹಂಗೇ ಬರ್ಕಳ್ರಿ. ಹುಡುಕೋರೂ ಹಂಗೇ ಟೈಪ್ ಮಾಡ್ತಾರೆ."

ಅವಳು ಬರೆದಳು. ಹೂ ಯಾಕೆ ಉದುರ್ತೈತೆ, ಕಾಯಿ ಯಾಕೆ ಸೀಳ್ತೈತೆ, ಎಲ್ಲ ಇಂಗ್ಲಿಷ್ ಅಕ್ಷರದಲ್ಲಿ, ಕನ್ನಡದ್ದೇ ಮಾತು. ನಲವತ್ತೆರಡು ಪ್ರಶ್ನೆಗೆ ಉತ್ತರ ಬರೆಯುವಷ್ಟರಲ್ಲಿ ಸೈಟ್ ಮೊದಲ ಪುಟಕ್ಕೆ ಬಂದಿತ್ತು. ರಾಜಶೇಖರ್ ಹೊಸದುರ್ಗಕ್ಕೆ ಬರಲು ವಾರವಾರವೂ ನೆಪ ಹುಡುಕತೊಡಗಿದ್ದ.

ಒಂದು ಮಧ್ಯಾಹ್ನ ಫೋನು. ಯಾರೋ ದನಿ ದಪ್ಪ ಮಾಡಿಕೊಂಡು, "ಮೇಡಂ, ಸಸಿನ ದಿನಾ ಬಂದು ನೋಡಿದ್ರೆ ಬೇಗ ಹೂ ಬಿಡ್ತೈತಾ?" ಎಂದರು. ಕೊನೆಗೊಂದು ತಡೆದ ನಗು. ಆ ನಗು ಯಾರದೆಂದು ಅವಳಿಗೆ ಯಾರೂ ಹೇಳಬೇಕಿರಲಿಲ್ಲ.

"ಉತ್ತರ ಸೈಟಲ್ಲಿ ಹಾಕ್ತೀನಿ. ಓದ್ಕಳ್ರಿ!"

ಮೂರು ದಿನ ಬರೆದಳು, ಅಳಿಸಿದಳು. ಕಡೆಗೆ ನಲವತ್ತಮೂರನೆಯದಾಗಿ ಹಾಕಿದಳು: 'ಸಸಿಯ ಮಾತು ಗೊತ್ತಿಲ್ಲ. ಸಸಿ ಬೆಳೆಸೋಳು ಮಾತ್ರ ದಿನಾ ದಾರಿ ನೋಡ್ತಾಳೆ. ಈ ಸಲ ಬರುವಾಗ ಮನೆಯವರನ್ನೂ ಕರ್ಕೊಂಡು ಬರ್ರಿ.'

ಆಮೇಲೆ ಅವನು ಎರಡು ಸಲ ಬಂದ. ಒಬ್ಬನೇ. ಕಾಫಿ ಲೋಟ ಕೊಡುವಾಗ ಅವಳು ಅವನ ಕಣ್ಣಲ್ಲಿ ಉತ್ತರ ಹುಡುಕಿದಳು. ಕಣ್ಣು ಎಂದಿನಂತೆ ನಗುತ್ತಿತ್ತು, ಅಷ್ಟೆ. ಸೈಟ್ ಮೂರನೇ ಪುಟಕ್ಕೆ ಬಿದ್ದಿದೆಯಲ್ಲ ಎಂದು ಕೇಳಿದರೆ, "ಒಂದೊಂದ್ ಸಲ ಹಂಗಾಗ್ತೈತೆ," ಎಂದು ಮಾತು ತೇಲಿಸಿದ. ಪಾಪ, ಮನೆಯಲ್ಲಿ ಹೇಳಲು ಸಂಕೋಚವೇನೋ ಎಂದು ಅವಳು ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ಈಗ ಕಾಟಯ್ಯ ಜೇಬಿನಿಂದ ಪ್ರಿಂಟ್ ಹಾಳೆ ತೆಗೆದು ಬಿಚ್ಚಿದರು. "ಮೊದ್ಲು ಹಿರಿಯೂರಿಗೇ ಹೋಗಿದ್ವಿ. ಇದನ್ನ ಬರೆದೋರು ಯಾರು ಅಂದ್ರೆ ಅಲ್ಲಿ ಯಾರಿಗೂ ಗೊತ್ತಿಲ್ಲ. ಕೆಳಗೆ ನಿಮ್ ನಂಬರ್ ಇತ್ತು."

ಹಾಳೆಯ ನೆತ್ತಿಯಲ್ಲಿ ಹಿರಿಯೂರಿನ ಬೇರೊಂದು ನರ್ಸರಿಯ ಹೆಸರು. ಅದರ ಕೆಳಗೆ ಅವಳ ನಲವತ್ತಮೂರೂ ಪ್ರಶ್ನೆ, ಅವಳ ಉತ್ತರ, ಒಂದಕ್ಷರ ಬಿಡದೆ. ಸೈಟ್ ಹಿಂದೆ ಬಿದ್ದದ್ದು ಯಾಕೆ, ರಾಜಶೇಖರ್ ಮಾತು ತೇಲಿಸಿದ್ದು ಯಾಕೆ ಎಂದು ಅವಳಿಗೀಗ ಹೊಳೆಯಿತು.

ಮರುದಿನ ಬೆಳಗಿನ ಬಸ್ಸಿಗೇ ಚಿತ್ರದುರ್ಗದ ಸೈಬರ್ ಸೆಂಟರಿಗೆ ಹೋಗಿ, ಆ ಹಾಳೆಯನ್ನು ರಾಜಶೇಖರನ ಮುಂದೆ ಇಟ್ಟಳು.

ಅವನು ನೋಡಿದ. ಕುರ್ಚಿ ಎಳೆದ. "ಕುಂತ್ಕಳ್ರಿ ಗಂಗಾ, ಹೇಳ್ತೀನಿ."

"ನಿಂತೇ ಕೇಳ್ತೀನಿ."

"ಒಂದ್ ತಿಂಗಳಲ್ಲಿ ನಮ್ ಸೈಟನ್ನ ಮೊದಲ್ನೇ ಜಾಗಕ್ಕೆ ತಂದ್ರೆ ಖಾಯಂ ಕೆಲಸ ಅಂದ್ರು ಹಿರಿಯೂರಿನೋರು. ಬರೀ ಈ ಸೆಂಟರ್ ನಂಬ್ಕೊಂಡು ನಿಮ್ಮಪ್ಪಾರ ಮುಂದೆ ಹೆಂಗ್ ಬಂದು ನಿಲ್ಲಲಿ ಹೇಳ್ರಿ?"

"ಒಂದೇ ಮಾತು ಎರಡು ಕಡೆ ಇದ್ರೆ ಗೂಗಲ್ ಒಂದನ್ನ ಹಿಂದಕ್ಕೆ ತಳ್ತೈತೆ ಅಂತ ಹೇಳ್ಕೊಟ್ಟೋರು ನೀವೇ. ಹಿಂದಕ್ಕೆ ಹೋಗೋದು ನಮ್ದು ಅಂತ್ಲೂ ಗೊತ್ತಿತ್ತಲ್ಲ?"

ಅವನು ಹಾಳೆಯನ್ನು ಮಡಿಚತೊಡಗಿದ.

"ಅದು ಹೋಗ್ಲಿ. ನಲವತ್ತಮೂರನೇದು?"

"ಯಾವ ನಲವತ್ತಮೂರನೇದು?"

"ನೀವೇ ಕೇಳಿದ್ದು. ದನಿ ಬದಲಾಯಿಸ್ಕೊಂಡು."

"ಅಯ್ಯೋ! ಅದನ್ನ ನಿಜವಾಗ್ಲೂ ಹಾಕಿದ್ರಾ?" ನಗಲು ಹೊರಟವನು ಅವಳ ಮುಖ ನೋಡಿ ಅರ್ಧಕ್ಕೇ ನಿಲ್ಲಿಸಿದ. "ಪುಟ ಪೂರ್ತಿ ಸೆಲೆಕ್ಟ್ ಮಾಡಿ ಕಾಪಿ ಹೊಡ್ದೆ ಗಂಗಾ. ಓದ್ಲಿಲ್ಲ."

ಕದ್ದದ್ದಕ್ಕಿಂತ ಈ ಮಾತು ಅವಳನ್ನು ಹೆಚ್ಚು ನೋಯಿಸಿತು. ಯಾರ್ಯಾರೋ ಓದಿದ್ದರು. ಕಾಟಯ್ಯ ಓದಿ, ಹೆಂಡತಿಗೆ ಹೊಸ ಸೀರೆ ಉಡಿಸಿ ಕರೆತಂದಿದ್ದರು. ಇವನೊಬ್ಬ ಓದಿರಲಿಲ್ಲ.

"ಇವತ್ತೇ ಅಲ್ಲಿಂದ ತೆಗೀತೀನಿ. ಆಣೆಗೂ."

"ತೆಗೀರಿ," ಎಂದಳು. "ತೆಗೆಯೋ ಮುಂಚೆ ಒಂದ್ ಸಲ ಓದ್ರಿ."

ಖಾಲಿಯಿದ್ದ ಕಂಪ್ಯೂಟರಿನ ಮುಂದೆ ಕೂತು ತನ್ನ ಸೈಟ್ ತೆರೆದಳು. ಇಬ್ಬರಿಗೂ ಗೊತ್ತಿದ್ದ ಹಳೇ ಪಾಸ್‌ವರ್ಡ್ ಹಾಕಿ, ಅದನ್ನು ಬದಲಾಯಿಸಲು ಹೊರಟಳು. ಹೊಸದನ್ನು ಕೇಳುವ ಜಾಗ ಬಂದಾಗ ಅವಳ ಬೆರಳು ನಿಂತಿತು. ರಾಜಶೇಖರ್ ಅದನ್ನು ಕಂಡ. ಬೇರೆ ಗಿರಾಕಿಗಳು ಪಾಸ್‌ವರ್ಡ್ ಟೈಪ್ ಮಾಡುವಾಗ ಮಾಡುವಂತೆಯೇ ನಿಧಾನವಾಗಿ ಮುಖವನ್ನು ಗೋಡೆಯ ಕಡೆಗೆ ತಿರುಗಿಸಿದ. ಅವಳು ಒಂದೊಂದೇ ಅಕ್ಷರ ಒತ್ತಿದಳು.