ಬಿಳಿ ಜಲ್ಲಿಯ ಮೇಲೆ ನಿಂತವನು

"ನೀರಿಂದ ಆಚೆ ಬಾ."

ವೆರ್ನಾಳ ಧ್ವನಿ ಅವಳಿಗೇ ಅಪರಿಚಿತವಾಗಿತ್ತು. ತೊರೆಯ ನಡುವೆ, ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದವನು ತಿರುಗಿ ನೋಡಿದ.

ಅಕ್ಟೋಬರ್ ಕೊನೆಯ ವಾರ. ಇನ್ನು ಹತ್ತು ದಿನಕ್ಕೆ ಟ್ರೌಟ್ ಮೀನುಗಳು ಮೊಟ್ಟೆಯಿಡಲು ಬರುತ್ತವೆ. ಬ್ರಿಕರ್ ತೊರೆಯಲ್ಲಿ ಬೇಸಿಗೆಯಲ್ಲೂ ಯಾರೂ ನೀರಿಗೆ ಕಾಲಿಡುವುದಿಲ್ಲ. ದಡದ ಹುಲ್ಲಿನಲ್ಲಿ ಮಂಡಿಯೂರಿಯೇ ಗಾಳ ಬೀಸುತ್ತಾರೆ. ಕನ್ನಡಿಯಂಥ ಆ ನೀರಿನಲ್ಲಿ ನಿಂತವರ ನೆರಳು ಬಿದ್ದರೂ ಸಾಕು, ಮೀನು ಮಾಯ. ಅಂಥಲ್ಲಿ ಇವನು ನಿಂತಿದ್ದು ಅಪ್ಪನ ಬಿಳಿ ಜಲ್ಲಿಯ ಮೇಲೆಯೇ!

ಮೀನುಗಳು ಗೂಡು ತೋಡಲೆಂದು ಹತ್ತೊಂಬತ್ತು ವರ್ಷ ಅಪ್ಪ ಬಕೆಟ್ಟಿನಲ್ಲಿ ಹೊತ್ತು ತಂದು ಸುರಿದ ಜಲ್ಲಿ... ಅಪ್ಪ ತೀರಿಹೋಗಿ ಆರು ವಾರವೂ ಆಗಿರಲಿಲ್ಲ.

ಅವನು ದಡ ಹತ್ತಿದಾಗ ಗುರುತು ಸಿಕ್ಕಿತು. ತೊರೆಯ ಮೇಲ್ಭಾಗದ ಹಸುಗಳ ಫಾರ್ಮಿನ ಜೋಯಲ್ ಶೆಂಕ್. ಜುಲೈನಲ್ಲಿ ಅವರ ಸಗಣಿ ಗುಂಡಿ ಒಡೆದು ತೊರೆಗೆ ನುಗ್ಗಿತ್ತು. ಮೂರು ದಿನ ಮೀನುಗಳು ಹೊಟ್ಟೆ ಮೇಲಾಗಿ ತೇಲಿದ್ದವು. ಆಮೇಲೆ ಅಪ್ಪ ಗಾಳ ಮುಟ್ಟಲೇ ಇಲ್ಲ.

ಅವನು ಟೋಪಿಗೆ ಒಂದು ಕರಿ ಜೀರುಂಡೆ ಸಿಕ್ಕಿಸಿಕೊಂಡಿದ್ದ. ಗಾಳದ ಕೊಕ್ಕೆಗೆ ಗರಿ ಸುತ್ತಿ ಮಾಡಿದ ಹುಸಿಹುಳು. ಅದರ ಕುತ್ತಿಗೆಗೆ ಎರಡು ಸುತ್ತು ಕೆಂಪು ದಾರ. ಹಾಗೆ ಕಟ್ಟುತ್ತಿದ್ದದ್ದು ಅಪ್ಪ ಒಬ್ಬರೇ.

"ಕೊಂದಿದ್ದು ಸಾಲ್ದು ಅಂತ ಕದ್ದಿದ್ದೂ ಆಯ್ತಾ?"

ಜೋಯಲ್ ಟೋಪಿ ತೆಗೆದ. ಜೀರುಂಡೆಯನ್ನು ಬೇಲಿಗೂಟದ ಮೇಲಿಟ್ಟು ಹೊರಟುಹೋದ. ವೆರ್ನಾ ಅದನ್ನು ಎತ್ತಿ ಜೇಬಿಗೆ ಹಾಕಿಕೊಂಡಳು.

ಒಂದು ಮಾತು... ಒಂದೇ ಒಂದು ಮಾತು ಹೇಳಬಹುದಿತ್ತಲ್ಲ ಅವನು?

ಚಳಿಗಾಲದಲ್ಲಿ ಹೊಲಗಳೆಲ್ಲ ಹೆಪ್ಪುಗಟ್ಟಿದವು. ಸುಣ್ಣಕಲ್ಲಿನ ಬುಗ್ಗೆಯಿಂದ ಹುಟ್ಟಿದ ತೊರೆಯ ನೀರು ಮಾತ್ರ ಹಬೆಯಾಡುತ್ತ ಹರಿಯಿತು. ವೆರ್ನಾ ದಡಕ್ಕೆ ಹೋಗಲಿಲ್ಲ, ಅಪ್ಪ ಮೀನಿನ ಲೆಕ್ಕ ಬರೆದಿಡುತ್ತಿದ್ದ ಡೈರಿಯನ್ನೂ ತೆರೆಯಲಿಲ್ಲ. ಅಂಗಡಿಯಲ್ಲಿ ಜೋಯಲ್ ಎದುರಾದರೆ ಬ್ರೆಡ್ಡಿನ ಸಾಲಿನತ್ತ ಮುಖ ತಿರುಗಿಸುತ್ತಿದ್ದಳು. ಅವನು ಏನೂ ಕೊಳ್ಳದೆ ಹೊರಗೆ ಹೋಗುತ್ತಿದ್ದ. ಚಳಿಗೆ ಒಡೆದ ಅವನ ಕೈಗಳು ಮಾತ್ರ ಯಾಕೋ ಅವಳ ಕಣ್ಣಿನಿಂದ ಹೋಗಲಿಲ್ಲ.

ಮಾರ್ಚ್‌ನಲ್ಲಿ ತಡೆಯಲಾಗದೆ ತೊರೆಗೆ ಬಂದಳು. ಬಿಳಿ ಜಲ್ಲಿಯ ಪಕ್ಕ, ದಡದ ಜೊಂಡಿನ ನಡುವೆ ಉಗುರುದ್ದದ ಮರಿಗಳು! ಮೂವತ್ತೋ, ನಲವತ್ತೋ... ಮೇಲೆ ಹುಡುಕಿದಳು, ಕೆಳಗೆ ಹುಡುಕಿದಳು. ಬೇರೆಲ್ಲೂ ಇರಲಿಲ್ಲ. ಸಗಣಿಯ ಕೆಸರು ಕೂತ ಕಡೆಯಲ್ಲೆಲ್ಲ ಮೊಟ್ಟೆಗಳು ಉಸಿರುಗಟ್ಟಿ ಸತ್ತಿದ್ದವು.

ಅವನು ತುಳಿದ ಜಾಗದಲ್ಲೇ ಹುಟ್ಟಿವೆ ಅಂದರೆ?

ಮನೆಗೆ ಓಡಿ ಡೈರಿ ತೆರೆದಳು. ಕೊನೆಯ ಪುಟದಲ್ಲಿ ಅಪ್ಪನ ನಡುಗುವ ಅಕ್ಷರ.

"ನೀರು ಐವತ್ತೆರಡು ಡಿಗ್ರಿ ಫ್ಯಾರನ್‌ಹೀಟ್. ಜೋಯಲ್ ಶೆಂಕ್ ಇವತ್ತೂ ಬಂದು ಅತ್ತ. ಬೈದು ಸಾಕಾಗಿ ಕೆಲಸ ಕೊಟ್ಟೆ. ಮೀನು ಬರುವ ಮುಂಚೆ ಜಲ್ಲಿ ಮೇಲೆ ನಿಂತು ಕಾಲಲ್ಲಿ ಕೆದಕಿ ಕೆಸರು ತೊಳಿ ಅಂದೆ. ಊರು ಬೈಯುತ್ತೆ, ಬೈಸಿಕೋ. ಗುರುತಿಗೆ ಜೀರುಂಡೆ ಕೊಟ್ಟಿದ್ದೀನಿ."

ಅವಳು ಹೋದಾಗ ಜೋಯಲ್ ಹಾಲು ಕರೆಯುವ ಕೊಟ್ಟಿಗೆ ತೊಳೆಯುತ್ತಿದ್ದ. ಅವಳು ಡೈರಿಯನ್ನು ಅವನ ಮುಂದೆ ಹಿಡಿದಳು.

"ಯಾಕೆ ಹೇಳ್ಲಿಲ್ಲ?"

"ಏನಂತ ಹೇಳ್ಲಿ? ಗುಂಡಿ ಬಿರುಕು ಬಿಟ್ಟಿದ್ದನ್ನ ನಾನು ನೋಡಿದ್ದೆ, ವೆರ್ನಾ. ಹುಲ್ಲು ಕೊಯ್ಲು ಮುಗೀಲಿ ಅಂತ ಹಾಗೇ ಬಿಟ್ಟೆ. ನೀನು ಬೈದಿದ್ರಲ್ಲಿ ಅರ್ಧ ನಿಜಾನೇ."

ಅಂದು ಕ್ಷಮಿಸಲು ಅವಳಿಂದ ಆಗಲಿಲ್ಲ. ಜಲ್ಲಿಯಲ್ಲಿ ಹುಟ್ಟಿದ ಮರಿಗಳನ್ನು ನೋಡದೆ ಅಪ್ಪ ಹೋದರಲ್ಲ ಎಂದಷ್ಟೇ ಹೇಳಿದಳು. ಇಬ್ಬರೂ ಅತ್ತರು, ಒಬ್ಬರನ್ನೊಬ್ಬರು ಮುಟ್ಟದೆ.

ಮೇ ತಿಂಗಳ ಸಂಜೆಗಳಲ್ಲಿ ಹಳದಿ ರೆಕ್ಕೆಹುಳುಗಳು ನೀರಿನಿಂದ ಎದ್ದಾಗ ಅವಳು ಈ ದಡದಲ್ಲಿದ್ದಳು, ಅವನು ಆ ದಡದಲ್ಲಿ. ಆಗಸ್ಟ್ ಮುಂಜಾವುಗಳಲ್ಲಿ, ಹೇಗೋ ಏನೋ, ಇಬ್ಬರೂ ಒಂದೇ ದಡದಲ್ಲಿದ್ದರು. ಅಕ್ಟೋಬರ್‌ನಲ್ಲಿ, ಮೀನು ಬರುವ ಮುಂಚೆ, ಜಲ್ಲಿಯನ್ನು ಇಬ್ಬರೂ ಸೇರಿ ತೊಳೆದರು.

ನವೆಂಬರ್ ಬಂತು. ಅಪ್ಪನ ಕಾಲದಲ್ಲಿ ಹದಿನಾಲ್ಕು ಗೂಡುಗಳಿರುತ್ತಿದ್ದವು, ಈಗ ಎರಡೇ. ಹಣೆಯ ಮೇಲೆ ಬಿಳಿ ಗಾಯವಿದ್ದ ಹೆಣ್ಣು ಮೀನು ಬಾಲದಿಂದ ಜಲ್ಲಿ ಸರಿಸುತ್ತಿತ್ತು. ಜೋಯಲ್ ಸದ್ದಿಲ್ಲದೆ ಹುಲ್ಲಿನಲ್ಲಿ ಮಂಡಿಯೂರಿದ.

ವೆರ್ನಾ ಪಿಸುಗುಟ್ಟಿದಳು. "ಮಂಡಿಯೂರಿದ್ದು ಮೀನಿಗೋ, ನನಗೋ?"

ಅವನ ಕಿವಿ ಕೆಂಪಾಯಿತು. "ಮೀನಿಗೆ ಅಂತಾನೇ ಕೂತೆ. ಈಗ ಏಳೋಕೆ ಮನಸ್ಸಾಗ್ತಿಲ್ಲ... ನನ್ನ ಜೊತೆ ಇರ್ತೀಯಾ?"

ಅವಳು ಒಂದು ವರ್ಷದಿಂದ ಜೇಬಿನಲ್ಲಿದ್ದ ಕರಿ ಜೀರುಂಡೆಯನ್ನು ತೆಗೆದು ಅವನ ಟೋಪಿಗೆ ಸಿಕ್ಕಿಸಿದಳು. ಆಮೇಲೆ ಪಕ್ಕದಲ್ಲೇ ಮಂಡಿಯೂರಿದಳು.

"ಇರ್ತೀನಿ. ಮೆಲ್ಲಗೆ ಮಾತಾಡು ಮಾರಾಯ... ಅದು ಮೊಟ್ಟೆ ಇಡ್ತಿದೆ."