ಚೋರಪ್ಪನ ಮೂರು ಕಸುಬು

ಎರಡು ದೋಣಿಯ ಮೇಲೆ ಕಾಲಿಟ್ಟವರನ್ನು ಲೋಕ ಕಂಡಿದೆ. ಸುಧಾಕರ ಮೂರನೆಯ ದೋಣಿಗೂ ಕಾಲು ಚಾಚಿದ್ದಾನೆ ಎಂಬುದೇ ವನಿತಾಳ ಸಿಟ್ಟು.

ಆಂಡರ್ಸನ್‌ಪೇಟೆಯಲ್ಲಿ ಕುಪ್ಪುಸ್ವಾಮಿಯವರ ಟೈಲರ್ ಅಂಗಡಿಗೆ ಭಾನುವಾರ ರಜೆ. ಅಂದು ಬಟ್ಟೆ ಕತ್ತರಿಸುವ ಮೇಜಿನ ಸುತ್ತ ಆಟ ನಡೆಯುತ್ತದೆ. ಬೋರ್ಡ್ ಇಲ್ಲ, ಸ್ಕ್ರೀನ್ ಇಲ್ಲ. ಕುಪ್ಪುಸ್ವಾಮಿ ರಾಕ್ಷಸರ ಕಥೆ ಹೇಳುತ್ತಾರೆ, ಆಡುವವರು ತಮ್ಮ ತಮ್ಮ ಪಾತ್ರವಾಗಿ ಉತ್ತರ ಕೊಡುತ್ತಾರೆ, ಗೆದ್ದದ್ದೋ ಸೋತದ್ದೋ ಇಪ್ಪತ್ತು ಮುಖದ ಡೈಸ್ ತೀರ್ಮಾನಿಸುತ್ತದೆ. ಚಿನ್ನದ ಗಣಿ ಮುಚ್ಚುವ ತನಕ ಅವರು ಮೈಸೂರು ಮೈನ್ಸ್‌ನಲ್ಲಿ ನೆಲದಡಿ ದುಡಿದವರು. ಅವರ ಕಥೆಯಲ್ಲಿ ರಾಕ್ಷಸರೂ ಶಿಫ್ಟ್ ಪ್ರಕಾರವೇ ಬರುತ್ತಾರೆ.

ವನಿತಾ ಶಾಲೆಯಲ್ಲಿ ಪಿ.ಟಿ. ಟೀಚರ್. ಅವಳ ಪಾತ್ರ ರಣಚಂಡಿ, ಕತ್ತಿ ಬಿಟ್ಟರೆ ಬೇರೆ ವಿದ್ಯೆ ಗೊತ್ತಿಲ್ಲದ ಯೋಧೆ. ಗೆಳತಿ ನವ್ಯ ಮಾಂತ್ರಿಕಳು, ಮುನೀಂದ್ರ ವೈದ್ಯ. ಬೆಳಿಗ್ಗೆ ಡೈರಿಯಲ್ಲಿ ಹಾಲು ಅಳೆದು ಕಾಮಸಮುದ್ರದಿಂದ ಬಸ್ಸು ಹಿಡಿದು ಬರುವ ಸುಧಾಕರ, ಚೋರಪ್ಪ ಎಂಬ ಕಳ್ಳ. ಕಳ್ಳನಾಗಿಯೇ ಇದ್ದಿದ್ದರೆ ಈ ಹೊತ್ತಿಗೆ ಅರಮನೆ ದೋಚುತ್ತಿದ್ದ. ಆದರೆ ಆಟದಲ್ಲಿ ಲೆವೆಲ್ ಏರಿದಾಗಲೆಲ್ಲ ಅವನಿಗೆ ಬೇರೆ ಕ್ಲಾಸ್, ಅಂದರೆ ಬೇರೆ ಕಸುಬು, ಬೇಕು. ಚೂರು ಮಂತ್ರ, ಚೂರು ವೈದ್ಯ. ಈಗ ಅವನು ಬೀಗ ಮುರಿಯಲು ಹೋದರೆ ಊರೆಲ್ಲ ಏಳುತ್ತದೆ, ಮಂತ್ರ ಹಾಕಿದರೆ ಬರೀ ಹೊಗೆ ಬರುತ್ತದೆ.

ಇನ್ನೊಂದು ಕ್ಲಾಸ್ ಕಲಿಯುವುದಕ್ಕೆ ಕುಪ್ಪುಸ್ವಾಮಿಯವರದೊಂದು ಕಟ್ಟಳೆ ಇತ್ತು. ಮೇಜಿನ ಸುತ್ತ ಇರುವವರಲ್ಲೇ ಒಬ್ಬರನ್ನು ಗುರು ಮಾಡಿಕೊಂಡು ಅವರ ಪಕ್ಕ ಕೂರಬೇಕು. ಅಂದಿನ ಆಟ ಮುಗಿಯುವವರೆಗೆ ಗುರುವಿಗೆ ಬಿದ್ದ ಪೆಟ್ಟಿನಲ್ಲಿ ಶಿಷ್ಯನಿಗೂ ಅರ್ಧ ಪಾಲು. ಗುರುದಕ್ಷಿಣೆ ಮಾತ್ರ ನಿಜದ್ದು, ಕೇಳಿದ್ದನ್ನು ಕೊಡಲೇಬೇಕು. ಸುಧಾಕರ ತನ್ನ ಗುರುಗಳಾದ ನವ್ಯ, ಮುನೀಂದ್ರ ಇಬ್ಬರನ್ನೂ ಬಂಗಾರಪೇಟೆಗೆ ಕರೆದೊಯ್ದು ಸಾಕಪ್ಪಾ ಸಾಕು ಅನ್ನುವಷ್ಟು ಪಾನಿಪೂರಿ ತಿನ್ನಿಸಿದ್ದ.

"ಗಣೀಲಿ ಜೋಡಿ ಇಲ್ದೆ ಯಾರೂ ಇಳೀತಿರ್ಲಿಲ್ಲಮ್ಮ," ಎನ್ನುವರು ಕುಪ್ಪುಸ್ವಾಮಿ. "ಇಲ್ಲೂ ಅಷ್ಟೇ."

ಹೋದ ಭಾನುವಾರ ಬಸ್ ಸ್ಟಾಂಡಿನಲ್ಲಿ ಸುಧಾಕರ ಏನೋ ಹೇಳಲು ಬಾಯಿ ತೆರೆದಿದ್ದ. "ವನಿತಾ, ನನ್ ಮನಸ್ನಾಗೆ..."

"ಒಂದು ಕಸುಬಲ್ಲಿ ನಿಲ್ದೋನು ಒಂದು ಮನಸ್ಸಲ್ಲಿ ನಿಲ್ತೀಯಾ?"

ಅವನು ನಗಲಿ ಎಂದು ಅಂದ ಮಾತದು. ಅವನು ನಗಲಿಲ್ಲ. ಬಂದ ಬಸ್ಸು ಹತ್ತಿ ಹೋಗಿಬಿಟ್ಟ. ವಾರವಿಡೀ ಅವಳಿಗೆ ಊಟ ರುಚಿಸಲಿಲ್ಲ. ಸಿಟ್ಟೆಲ್ಲ, ಪಾಪ, ಶಾಲೆಯ ಮಕ್ಕಳ ಮೇಲೆ ತಿರುಗಿ, ಅವರು ಗ್ರೌಂಡ್ ಸುತ್ತಿ ಸುತ್ತಿ ಸುಸ್ತಾದರು.

ಇವತ್ತು ಬಂದವನು ಅವಳ ಕಡೆ ನೋಡಲೂ ಇಲ್ಲ.

"ಚೋರಪ್ಪನ್ನ ಈವತ್ತು ಸಾಯಿಸ್ಬುಡಿ ಅಣ್ಣ," ಎಂದ. "ಬರೋ ವಾರದಿಂದ ನಾನು ಬರಾಕಿಲ್ಲ."

ವನಿತಾ ತಟ್ಟನೆ ಅವನತ್ತ ತಿರುಗಿದಳು.

"ಕೇಳಿದ್ ತಕ್ಷಣ ಕೊಡಾಕೆ ಇದೇನ್ ಟೀ ಅಂಗಡೀನಾ? ಕೂತ್ಕೊಂಡು ಆಡಪ್ಪಾ," ಎಂದರು ಕುಪ್ಪುಸ್ವಾಮಿ.

ಆಟ ಶುರುವಾಯಿತು. ರಣಚಂಡಿ ಎಂದಿನಂತೆ ಹಿಂದೆ ಮುಂದೆ ನೋಡದೆ ನುಗ್ಗಿದಳು. ಡೈಸ್ ಕೈಕೊಟ್ಟಿತು.

"ಕಾಲ್ಕೆಳಗೆ ನೆಲ ಇಲ್ಲ. ಗಣಿ ಬಾವಿ ಥರ ದೊಡ್ಡ ಶಾಫ್ಟು. ಬಿದ್ಲು," ಎಂದರು ಕುಪ್ಪುಸ್ವಾಮಿ.

"ಚೋರಪ್ಪ ಮಂತ್ರ ಆಕ್ತಾನೆ," ಸುಧಾಕರ ತಲೆ ಎತ್ತದೆ ಹೇಳಿದ. "ಬೀಳೋರು ಅತ್ತಿ ಎಳೆ ಇಳಿದಂಗೆ ಮೆತ್ತಗೆ ಇಳೀತಾರೆ."

"ಸೆರಿ, ಇಳಿದ್ಲು. ಕೆಳಗೆ ಆವೈತೆ. ಕಚ್ತು."

"ಅಗ್ಗ ಇಡ್ಕೊಂಡು ಚೋರಪ್ಪ ಇಳೀತಾನೆ. ವಿಷಕ್ಕೆ ಅವನತ್ರ ಮದ್ದೈತೆ."

ವನಿತಾ ಅವನನ್ನೇ ನೋಡಿದಳು. "ಇದನ್ನೆಲ್ಲ ಯಾವಾಗ ಕಲ್ತೆ?"

ಅವನು ಮೇಜಿನ ಮೇಲಿನ ಚಾಕ್ ಪೀಸನ್ನು ಉರುಳಿಸುತ್ತಾ ಕೂತ. ಉತ್ತರ ಕೊಟ್ಟವಳು ನವ್ಯ. "ನೀನು ಆಟದಲ್ಲಿ ಹಾಳು ಬಾವಿಗೆ ಬಿದ್ದು ಸಾಯೋ ಹಂಗಾಗಿದ್ಯಲ್ಲ, ಆ ವಾರಾನೇ ನನ್ಹತ್ರ ಬಂದ. ಬೆಂಕಿ ಕಲಿಸ್ತೀನಿ ಅಂದೆ. ಬೇಡ, ಬೀಳೋರನ್ನ ಇಳಿಸೋದ್ ಒಂದೇ ಸಾಕು ಅಂದ."

"ನಿಂಗೆ ವಿಷದ ಬಾಣ ತಗಲಿದ ವಾರ ನನ್ಹತ್ರ ಬಂದ," ಎಂದ ಮುನೀಂದ್ರ. "ಈವಾಗ ಗೊತ್ತಾಯ್ತು ನೋಡು ಯಾಕೇಂತ."

ಸುಧಾಕರನ ಕಿವಿ ಕೆಂಪಾಯಿತು. ವನಿತಾಳ ಕಿವಿ ಅದಕ್ಕೂ ಮೊದಲೇ ಕೆಂಪಾಗಿತ್ತು. ಮನಸ್ಸು ನಿಲ್ಲದವನು ಎಂದಿದ್ದಳು. ಆ ಮನಸ್ಸು ಎಲ್ಲೂ ಅಲುಗದೆ ಅವಳ ಬೆನ್ನ ಹಿಂದೆಯೇ ನಿಂತಿತ್ತು. ಅವಳಿಗೆ ಅಳು ಬಂತು, ಜೊತೆಗೇ ನಗುವೂ ಬಂತು.

"ಮೇಲಿಂದ ಬಂಡೆ ಬೀಳ್ತಾ ಐತೆ," ಕುಪ್ಪುಸ್ವಾಮಿಯವರ ದನಿ ತಗ್ಗಿತು. "ಓಡಿದ್ರೆ ಚೋರಪ್ಪ ಉಳೀತಾನೆ. ಚಂಡಿ ಉಳಿಯಲ್ಲ."

"ಓಡಲ್ಲ. ಅವಳ ಮೇಲೆ ಬೀಳ್ದಂಗೆ ಅಡ್ಡ ನಿಂತ್ಕೋತಾನೆ. ನಾ ಕೇಳಿದ್ದೂ ಅದೇ ಅಲ್ವಾ ಅಣ್ಣ."

ಕುಪ್ಪುಸ್ವಾಮಿ ಡೈಸ್ ಎತ್ತಿಕೊಂಡರು.

"ತಡೀರಿ," ವನಿತಾ ಎದ್ದಳು. "ನಂಗೊಂದು ಲೆವೆಲ್ ಬಾಕಿ ಇದೆ. ಇನ್ನೊಂದು ಕ್ಲಾಸ್ ಬೇಕು. ಈಗಲೇ."

"ಯಾವ್ದಮ್ಮಾ?"

"ಕಳ್ಳತನ."

ಅವಳು ಮೇಜು ಸುತ್ತಿ ಬಂದಳು. ಸುಧಾಕರ ಕೂತಿದ್ದದ್ದು ಹೊಲಿಗೆ ಮಿಷಿನ್ನಿನ ಸ್ಟೂಲು, ಒಬ್ಬರಿಗೇ ಇಕ್ಕಟ್ಟು. "ಸರ್ಕೊಳ್ಳಿ ಗುರುಗಳೇ," ಎಂದು ಅರ್ಧ ಸ್ಟೂಲಿನ ಮೇಲೆ ಕೂತುಬಿಟ್ಟಳು. ಗುರುಗಳು ಇನ್ನೇನು ಕೆಳಗೆ ಬೀಳುವುದರಲ್ಲಿದ್ದರು. ಅವಳು ತೋಳು ಹಿಡಿದು ನಿಲ್ಲಿಸಿದಳು, ಆಮೇಲೆ ಬಿಡಲು ಮರೆತಳು.

ಬಂಡೆ ಬಿತ್ತು. ಪೆಟ್ಟು ಅರ್ಧ ಅವನಿಗೆ, ಅರ್ಧ ಅವಳಿಗೆ. ಇಬ್ಬರೂ ಮೂಳೆ ಮುರಿದುಕೊಂಡರು, ಸಾಯಲಿಲ್ಲ.

"ಇವತ್ತಿಗೆ ಇಷ್ಟೇ," ಎಂದು ಕುಪ್ಪುಸ್ವಾಮಿ ಡೈಸನ್ನು ಗುಂಡಿಗಳ ಡಬ್ಬಿಗೆ ಹಾಕಿದರು.

ಇಬ್ಬರೂ ಬಸ್ ಸ್ಟಾಂಡಿಗೆ ನಡೆದರು.

"ಗುರುದಕ್ಷಿಣೆ ಏನು ಕೊಡ್ಲಿ?" ವನಿತಾಳೇ ಕೇಳಿದಳು. "ಪಾನಿಪೂರೀನಾ?"

"ಬ್ಯಾಡ. ಓದ ವಾರ ಏಳಾಕ್ ಬಂದಿದ್ನಲ್ಲ, ಅದನ್ನ ಮಧ್ಯಕ್ಕೆ ಬಾಯಾಕ್ದೆ ಪೂರ್ತಿ ಕೇಳು."

ಕೇಳಿದ್ದನ್ನು ಕೊಡಲೇಬೇಕಲ್ಲ. ವನಿತಾ ತುಟಿ ಬಿಗಿಹಿಡಿದು ನಿಂತಳು. ಅವಳ ಜನ್ಮದಲ್ಲಿ ಅಷ್ಟು ಹೊತ್ತು ಸುಮ್ಮನಿದ್ದದ್ದು ಅದೇ ಮೊದಲು. ಸುಧಾಕರ ತಡವರಿಸಿದ, ಮನೆಮಾತು ತೆಲುಗಿಗೆ ಜಾರಿದ, ಕನ್ನಡಕ್ಕೆ ವಾಪಸ್ ಬಂದ. ಅವನು ಹೇಳಿ ಮುಗಿಸುವಷ್ಟರಲ್ಲಿ ಕಾಮಸಮುದ್ರದ ಬಸ್ಸು ಬಂದು ಹೋಗಿತ್ತು.

"ಮುಗೀತು. ಈಗ ಮಾತಾಡು," ಎಂದ.

"ಮೊದಲಿಂದ ಹೇಳು," ಎಂದಳು ವನಿತಾ. "ಇನ್ನೊಂದು ಬಸ್ಸಿದೆಯಲ್ಲ."