ಮಾಳವ್ವ ಬಿಡಿಸಿ ತಂದ ಪುಸ್ತಕಗಳು

ಹೊಳೆಗಳಿಗೆ ಜನ ಇನ್ನೂ ಹೆಸರಿಡುತ್ತಿದ್ದ ಕಾಲದಲ್ಲಿ ಏಳುಹೊಳೆ ಎಂಬುದೊಂದು ರಾಜ್ಯವಿತ್ತು. ಅದರ ಕಡಲಂಚಿನಲ್ಲಿ ದೋಣಿಯವರಿದ್ದರು, ಬೆಟ್ಟದ ಮೇಲೆ ಜೇನು ಕೀಳುವವರಿದ್ದರು, ಬಯಲಿನಲ್ಲಿ ಕುರಿ ಕಾಯುವವರಿದ್ದರು. ಒಬ್ಬೊಬ್ಬರದು ಒಂದೊಂದು ಮಾತು, ಒಂದೊಂದು ಊಟ, ಒಂದೊಂದು ಹಾಡು. ರಾಜಧಾನಿಯಲ್ಲಿ ಪುಸ್ತಕದ ಮನೆ ಎಂಬ ದೊಡ್ಡ ಕಟ್ಟಡವಿತ್ತು. ಯಾರ ಮಗು ಬೇಕಾದರೂ ಅಲ್ಲಿಗೆ ಹೋಗಿ ಯಾವ ಪುಸ್ತಕ ಬೇಕಾದರೂ ಓದಬಹುದಿತ್ತು.

ಒಂದು ವರ್ಷ ಸಂತೆಯಲ್ಲಿ ದೋಣಿಯವರ ಮಕ್ಕಳಿಗೂ ಕುರಿಯವರ ಮಕ್ಕಳಿಗೂ ಜಗಳವಾಯಿತು. ಮಕ್ಕಳ ಜಗಳ ದೊಡ್ಡವರಿಗೆ ಹತ್ತಿ, ಕಲ್ಲು ತೂರಾಟವಾಗಿ, ರಾಜ ಮಲ್ಲಿದೇವನಿಗೆ ತಲೆ ಚಿಟ್ಟು ಹಿಡಿಯಿತು. ಅದೇ ಹೊತ್ತಿಗೆ ಗಡ್ಡ ನರೆತು ಬೆನ್ನು ಬಾಗಿದ ಜಟಂಗ ಎಂಬ ಮಂತ್ರವಾದಿ ಆಸ್ಥಾನಕ್ಕೆ ಬಂದ. ಬೇರೆ ಬೇರೆ ಕತೆ ಓದಿದ ಮಕ್ಕಳು ಬೇರೆ ಬೇರೆ ದಿಕ್ಕಿಗೆ ನಡೆಯುತ್ತಾರೆ, ಎಲ್ಲರಿಗೂ ಒಂದೇ ಕತೆ ಕೊಟ್ಟುಬಿಟ್ಟರೆ ಜಗಳವೇ ಇರುವುದಿಲ್ಲ ಎಂದು ಹೇಳಿದ. ರಾಜನಿಗೆ ಆ ಮಾತು ಹಿತವೆನಿಸಿತು. ಪುಸ್ತಕದ ಮನೆಯ ಬೀಗದ ಕೈ ಜಟಂಗನಿಗೆ ಹೋಯಿತು. ಮರುದಿನ ಮನೆ ಬರಿದಾಗಿತ್ತು. ಅದರ ಬದಲಿಗೆ ಮನೆಮನೆಗೂ ಚಿನ್ನದ ರಟ್ಟಿನ ಒಂದೊಂದು ಪುಸ್ತಕ ಬಂತು.

ಆ ಪುಸ್ತಕದ ಕತೆ ಕೆಟ್ಟದ್ದೇನಲ್ಲ. ಅರಮನೆಯ ರಾಜಕುಮಾರನೊಬ್ಬ ಬಿಳಿ ಕುದುರೆ ಏರಿ ರಾಕ್ಷಸನನ್ನು ಕೊಲ್ಲುವ ಕತೆ. ಮಕ್ಕಳು ಒಮ್ಮೆ ಓದಿದರು, ಎರಡನೆಯ ಸಲ ಓದಿದರು, ಮೂರನೆಯ ಸಲವೂ ಓದಿದರು. ಓದಲು ಬೇರೆ ಏನೂ ಇರಲಿಲ್ಲ.

ರಾಜಧಾನಿಯ ಹೊರಗೆ, ಬಯಲಿನಲ್ಲಿ, ಮಾಳವ್ವ ಎಂಬ ಹದಿನಾರು ವರ್ಷದ ಹುಡುಗಿ ಇದ್ದಳು. ತಂದೆ ಕಂಬಳಿ ನೇಯುತ್ತಿದ್ದ, ತಾಯಿ ಉಣ್ಣೆ ನೂಲುತ್ತಿದ್ದಳು, ಮಾಳವ್ವ ಮತ್ತು ಅವಳ ಏಳು ವರ್ಷದ ತಂಗಿ ಹೊನ್ನವ್ವ ಕುರಿ ಕಾಯುತ್ತಿದ್ದರು. ಒಂದು ಮಧ್ಯಾಹ್ನ ಜಾಲಿ ಮರದ ಕೆಳಗೆ ಮಾಳವ್ವ ಚಿನ್ನದ ರಟ್ಟಿನ ಪುಸ್ತಕ ಓದಿ ಹೇಳುತ್ತಿದ್ದಾಗ ತಂಗಿ ಕೇಳಿದಳು.

"ಅಕ್ಕಾ, ಇದರಾಗೆ ನಮ್ಮ ಮಂದಿ ಎಲ್ಲಿ ಅವ್ರೆ?"

ಮಾಳವ್ವ ಮೊದಲಿನಿಂದ ಕೊನೆಯವರೆಗೆ ಹಾಳೆ ತಿರುವಿದಳು. ಒಂದೇ ಒಂದು ಕಡೆ, ರಾಜಕುಮಾರನ ಊಟಕ್ಕೆ ಕುರಿಯ ಮಾಂಸ ಬಡಿಸಿದರು ಎಂದಿತ್ತು. ಕುರಿ ಕಾದವರು ಯಾರೆಂದು ಇರಲಿಲ್ಲ. ಅದನ್ನು ಹೇಳಿದಾಗ ಹೊನ್ನವ್ವ ಎದ್ದು ಕುರಿಗಳ ಕಡೆ ಹೋದಳು.

ಮರುದಿನ ಬೆಳಗ್ಗೆ ಹೊನ್ನವ್ವನ ಕಿರುಬೆರಳಿನ ಮೂಲಕ ಆಚೆಯ ಗೋಡೆ ಕಾಣುತ್ತಿತ್ತು. ಮೂರು ದಿನಕ್ಕೆ ಇಡೀ ಕೈ ನೆನೆದ ತೆಳು ಬಟ್ಟೆಯಂತಾಯಿತು. ವೈದ್ಯರು ಬಂದು ಕಷಾಯ ಕೊಟ್ಟರು, ತಾಯಿ ದೃಷ್ಟಿ ತೆಗೆದಳು, ಏನೂ ಆಗಲಿಲ್ಲ. ಕೇರಿ ಕೇರಿಯಲ್ಲಿ ಹೀಗೇ ಮಕ್ಕಳು ಮಾಸುತ್ತಿದ್ದಾರೆ ಎಂದು ಸುದ್ದಿ ಬಂತು. ದೋಣಿಯವರ ಮಕ್ಕಳು, ಜೇನಿನವರ ಮಕ್ಕಳು, ಕುಂಬಾರರ ಮಕ್ಕಳು. ಪುಸ್ತಕದಲ್ಲಿ ತಮ್ಮನ್ನು ಹುಡುಕಿ ಕಾಣದೆ ಹೋದ ಮಕ್ಕಳೆಲ್ಲ ಮಾಸುತ್ತಿದ್ದರು. ಇತ್ತ ಜಟಂಗನ ಗಡ್ಡ ಮಾತ್ರ ದಿನದಿನಕ್ಕೂ ಕಪ್ಪಾಗುತ್ತಿತ್ತು, ಬೆನ್ನು ನೆಟ್ಟಗಾಗುತ್ತಿತ್ತು.

ಪುಸ್ತಕದ ಮನೆಯನ್ನು ಮೊದಲು ನೋಡಿಕೊಳ್ಳುತ್ತಿದ್ದ ತೋಂಟಯ್ಯ ಎಂಬ ಮುದುಕ ಈಗ ಹಗ್ಗ ಹೊಸೆದು ಬದುಕುತ್ತಿದ್ದ. ಮಾಳವ್ವ ಅವನ ಹತ್ತಿರ ಹೋದಳು. ಪುಸ್ತಕಗಳನ್ನು ಜಟಂಗ ಸುಟ್ಟುಹಾಕಿದನೇ ಎಂದು ಕೇಳಿದಳು. ಸುಡಲು ನೋಡಿದ, ಬೆಂಕಿ ಹತ್ತಲಿಲ್ಲ ಎಂದ ತೋಂಟಯ್ಯ. ಅದಕ್ಕೇ ಕಡಲಿನವರ ಪುಸ್ತಕಗಳನ್ನು ಮೊಸಳೆಗೆ ಕೊಟ್ಟಿದ್ದಾನೆ, ಬೆಟ್ಟದವರ ಪುಸ್ತಕಗಳನ್ನು ಕರಡಿಗೆ ಕೊಟ್ಟಿದ್ದಾನೆ, ಉಳಿದವನ್ನು ತನ್ನ ಗೋಪುರದಲ್ಲಿ ಎರಡು ತಲೆಯ ಹಕ್ಕಿಯ ಕಾವಲಿನಲ್ಲಿ ಇಟ್ಟಿದ್ದಾನೆ. ಮೂರೂ ಕಡೆ ಬಿಡಿಸಿದರೆ ಮಾತ್ರ ಮಾಟ ಮುರಿಯುತ್ತದೆ. ಕತ್ತಿ ಹಿಡಿದು ಹೋದವರು ಹನ್ನೆರಡು ಮಂದಿ, ಯಾರೂ ಹಿಂದಿರುಗಿಲ್ಲ ಎಂದೂ ಹೇಳಿದ.

ಮಾಳವ್ವ ಬುತ್ತಿ ಕಟ್ಟಿಕೊಂಡಳು. ಕತ್ತಿ ಅವಳ ಮನೆಯಲ್ಲಿ ಇರಲೂ ಇಲ್ಲ. ತಂಗಿಯ ಕೆನ್ನೆ ಮುಟ್ಟಿದಾಗ ಬೆರಳಿಗೆ ಮಂಜು ತಾಗಿದಂತಾಯಿತು. ಹಿಂದೆ ನೋಡದೆ ಹೊರಟಳು.

ನಡೆದು ನಡೆದು ಅವಳು ಹೊಳೆ ಕಡಲು ಸೇರುವ ಜಾಗಕ್ಕೆ ಬಂದಳು. ನೀರಿನಲ್ಲಿ ತೆಪ್ಪದಷ್ಟು ಉದ್ದದ ಮೊಸಳೆ ಬಾಯಿ ತೆರೆದು ಮಲಗಿತ್ತು. ಅದರ ಹಲ್ಲುಗಳ ನಡುವೆ ಪುಸ್ತಕಗಳು ಸಾಲಾಗಿ ಕೂತಿದ್ದವು.

ಮೊಸಳೆ ತನ್ನ ಕಟ್ಟಳೆ ಹೇಳಿತು. ಒಂದು ಪುಸ್ತಕ ಎತ್ತಿಕೊಳ್ಳಬಹುದು, ಆದರೆ ಎತ್ತಿಕೊಂಡದ್ದನ್ನು ಕೊನೆಯ ಸಾಲಿನವರೆಗೆ ಓದಬೇಕು. ನಡುವೆ ಬಿಟ್ಟರೂ, ಹಾಳೆ ಹಾರಿಸಿದರೂ ನುಂಗಿಬಿಡುತ್ತೇನೆ ಎಂದಿತು. ಮಾಳವ್ವ ಒಂದು ಪುಸ್ತಕ ತೆಗೆದಳು. ಅಕ್ಷರಗಳು ಮೀನಿನ ಗಾಳದ ಹಾಗೆ ಬಾಗಿದ್ದವು. ಒಂದೂ ಅವಳಿಗೆ ಗೊತ್ತಿರಲಿಲ್ಲ.

ದಡದಲ್ಲಿ ಪೊನ್ನಕ್ಕ ಎಂಬ ದೋಣಿಯ ಹೆಂಗಸು ಬಲೆ ಹೆಣೆಯುತ್ತಿದ್ದಳು. ಮಾಳವ್ವ ಹೋಗಿ ಅಕ್ಷರ ಕಲಿಸಿಕೊಡು ಎಂದು ಕೇಳಿದಳು. ಪೊನ್ನಕ್ಕ ಮೊದಲು ಮುಖ ತಿರುಗಿಸಿದಳು. ಸಂತೆಯಲ್ಲಿ ಕುರಿಯವರು ಎಸೆದ ಕಲ್ಲು ಅವಳ ಮಗಳ ಹಣೆಗೆ ಬಿದ್ದಿತ್ತು, ಆ ಮಗಳೂ ಈಗ ಅರ್ಧ ಮಾಸಿದ್ದಳು. ಆಮೇಲೆ ಮಾಳವ್ವ ತನ್ನ ತಂಗಿಯ ಕಿರುಬೆರಳಿನ ಸಂಗತಿ ಹೇಳಿದಳು. ಪೊನ್ನಕ್ಕ ಬಲೆ ಕೆಳಗಿಟ್ಟು, ಮರಳಿನ ಮೇಲೆ ಬೆರಳಿನಿಂದ ಮೊದಲ ಅಕ್ಷರ ಬರೆದಳು.

ಒಂದು ದಿನವಾಯಿತು, ಮೂರು ದಿನವಾಯಿತು, ಒಂಬತ್ತು ದಿನವಾಯಿತು. ಹೊನ್ನವ್ವ ಈಗ ಎಷ್ಟು ಉಳಿದಿದ್ದಾಳೋ ಎಂದು ಪ್ರತಿ ಬೆಳಗ್ಗೆ ಮಾಳವ್ವ ನೆನೆಯುತ್ತಿದ್ದಳು. ಹತ್ತು ಹಾಳೆ ಹಾರಿಸಿಬಿಡೋಣ ಎಂದು ಕೈ ಚಡಪಡಿಸುತ್ತಿತ್ತು. ಆದರೂ ಅಕ್ಷರಕ್ಕೆ ಅಕ್ಷರ ಕೂಡಿಸಿ ಓದಿದಳು. ಬಿರುಗಾಳಿಗೆ ಸಿಕ್ಕ ಅಪ್ಪನನ್ನು ಹುಡುಕಿಕೊಂಡು ಪುಟ್ಟ ಹುಡುಗಿಯೊಬ್ಬಳು ಒಬ್ಬಳೇ ದೋಣಿ ಹಾಕುವ ಕತೆ ಅದು. ಮೊದಮೊದಲು ಮಾಳವ್ವನಿಗೆ ದೋಣಿಯ ಯಾವ ಭಾಗಕ್ಕೆ ಏನೆನ್ನುತ್ತಾರೆಂದೂ ತಿಳಿಯಲಿಲ್ಲ. ಅರ್ಧ ಪುಸ್ತಕವಾಗುವ ಹೊತ್ತಿಗೆ ತಾನೇ ಹುಟ್ಟು ಹಾಕುತ್ತಿರುವಂತೆ ತೋಳು ನೋಯುತ್ತಿತ್ತು. ಕೊನೆಯ ಸಾಲನ್ನು ಗಟ್ಟಿಯಾಗಿ ಓದಿದಾಗ ಅವಳ ಕಣ್ಣಲ್ಲೂ ನೀರು, ಮೊಸಳೆಯ ಕಣ್ಣಲ್ಲೂ ನೀರು. ಮೊಸಳೆಯದು ಸಟೆಯ ಕಣ್ಣೀರು ಎನ್ನುತ್ತಾರೆ, ಆದರೆ ಅಂದು ಅದು ನಿಜವಾಗಿಯೇ ಅತ್ತಿತು. ತನ್ನ ಬಾಯಲ್ಲಿದ್ದ ಪುಸ್ತಕಗಳನ್ನೆಲ್ಲ ದಡಕ್ಕೆ ತಂದಿಟ್ಟು ನೀರಿಗಿಳಿಯಿತು. ಪುಸ್ತಕಗಳನ್ನು ದೋಣಿಗೆ ಹೇರಿ ರಾಜಧಾನಿಗೆ ಸಾಗಿಸುವ ಕೆಲಸವನ್ನು ಪೊನ್ನಕ್ಕ ಹೊತ್ತುಕೊಂಡಳು.

ಅಲ್ಲಿಂದ ಮಾಳವ್ವ ಬೆಟ್ಟ ಹತ್ತಿದಳು. ಬಿದಿರು ದಾಟಿ, ಮುಳ್ಳು ದಾಟಿ, ಗವಿಯ ಬಾಯಿಗೆ ಬಂದರೆ ಬಂಡೆಯಂತಹ ಕರಡಿ ಕೂತಿತ್ತು. ಅದರ ಹಿಂದೆ ಮರದ ತೊಗಟೆಯ ಪುಸ್ತಕಗಳು. ಕರಡಿ ಒಂದನ್ನು ಆರಿಸಿ ಅವಳ ಕೈಗೆ ಕೊಟ್ಟಿತು. ಇಲ್ಲಿನ ಅಕ್ಷರ ಅವಳಿಗೆ ಬರುತ್ತಿತ್ತು. ಈ ಸಲ ಬೇಗ ಮುಗಿಯುತ್ತದೆ ಎಂದು ಸಂತೋಷದಿಂದ ಓದತೊಡಗಿದಳು.

ಬೆಟ್ಟದ ಹುಡುಗನೊಬ್ಬ ಅಜ್ಜನೊಡನೆ ಜೇನು ಕೀಳುವ ಕತೆ. ನಡುವೆ ಒಂದು ದಿನ ಹೊಗೆ ಕಾಣಿಸುತ್ತದೆ. ಬಯಲಿನಿಂದ ಕಂಬಳಿ ಹೊದ್ದ ಮಂದಿ ಬಂದು, ತಮ್ಮ ಕುರಿಗೆ ಹೊಸ ಹುಲ್ಲು ಬರಲೆಂದು ಬೆಟ್ಟದ ಮೈಗೆ ಬೆಂಕಿ ಇಡುತ್ತಾರೆ. ಜೇನು ಹುಟ್ಟುಗಳು ಉರಿಯುತ್ತವೆ, ಅಜ್ಜ ಹೊಗೆಯಲ್ಲಿ ಕಣ್ಣು ಕಳೆದುಕೊಳ್ಳುತ್ತಾನೆ. ಓದುತ್ತ ಓದುತ್ತ ಮಾಳವ್ವನ ಕಿವಿ ಬಿಸಿಯಾಯಿತು. ಅವಳ ಹೆಗಲ ಮೇಲೂ ಅಂಥದೇ ಕಂಬಳಿ ಇತ್ತು.

ಇದು ಸುಳ್ಳಾದರೆ ಹರಿದುಹಾಕು, ಉಳಿದ ಪುಸ್ತಕಗಳನ್ನೆಲ್ಲ ಒಯ್ಯಲು ಬಿಡುತ್ತೇನೆ ಎಂದಿತು ಕರಡಿ. ಒಂದೇ ಒಂದು ಪುಸ್ತಕ, ಯಾರಿಗೂ ತಿಳಿಯುವುದಿಲ್ಲ ಎಂದೂ ಸೇರಿಸಿತು.

ಮಾಳವ್ವ ಪುಸ್ತಕವನ್ನು ಮಡಿಲಲ್ಲಿ ಇಟ್ಟುಕೊಂಡಳು. ಅವಳ ಮುತ್ತಾತ ಬೆಟ್ಟಕ್ಕೆ ಬೆಂಕಿ ಇಟ್ಟದ್ದನ್ನು ಮನೆಯಲ್ಲಿ ಹಾಡಾಗಿ ಹಾಡುತ್ತಿದ್ದರು. ಬೆಂಕಿಯ ಆಚೆ ಯಾರಿದ್ದರು ಎಂಬುದು ಆ ಹಾಡಿನಲ್ಲಿ ಇರಲಿಲ್ಲ. ಅವಳೂ ಇದುವರೆಗೆ ಕೇಳಿರಲಿಲ್ಲ.

"ಸುಳ್ಳಲ್ಲ," ಎಂದಳು. "ಆದ್ರೆ ನಮ್ಮದು ಇಷ್ಟೇ ಅಲ್ಲ. ಹಂಗಂತ ಇದನ್ನ ಹರಿಯಾಕಿಲ್ಲ. ನಮ್ಮ ಮಕ್ಕಳೂ ಓದಲಿ."

ಕರಡಿ ಎದ್ದು ದಾರಿ ಬಿಟ್ಟಿತು. ಪುಸ್ತಕ ಹರಿದಿದ್ದರೆ ಅವಳನ್ನು ಸೀಳಿಹಾಕಬೇಕೆಂದು ಜಟಂಗನ ಆಜ್ಞೆಯಾಗಿತ್ತು ಎಂದು ಹೋಗುವಾಗ ಹೇಳಿತು. ಬೆಟ್ಟದ ಜನ ಬಂದು ಪುಸ್ತಕಗಳನ್ನು ತಲೆಯ ಮೇಲೆ ಹೊತ್ತು ಕೆಳಗಿಳಿದರು. ಅವರಲ್ಲಿ ಕೆಲವರು ಮಾಳವ್ವನ ಕಂಬಳಿ ನೋಡಿ ಮಾತಾಡಲಿಲ್ಲ. ಒಬ್ಬ ಮುದುಕಿ ಮಾತ್ರ ಅಂಗೈಯಷ್ಟು ಜೇನುರೊಟ್ಟು ಕೊಟ್ಟು, ದಾರಿಯಲ್ಲಿ ತಿನ್ನು ಎಂದಳು.

ಮೂರನೆಯದು ರಾಜಧಾನಿಯಲ್ಲಿದ್ದ ಜಟಂಗನ ಗೋಪುರ. ಸೂರ್ಯ ಹುಟ್ಟುವ ಹೊತ್ತಿಗೆ ಮಾಳವ್ವ ಮುನ್ನೂರು ಮೆಟ್ಟಿಲು ಹತ್ತಿ ಮೇಲೆ ಬಂದಳು. ಸುತ್ತಲೂ ಪುಸ್ತಕಗಳ ಕಪಾಟು, ನಡುವೆ ಎರಡು ತಲೆಯ ಹಕ್ಕಿ. ಒಂದು ತಲೆ ಹೇಳಿದ್ದನ್ನೇ ಇನ್ನೊಂದು ತಲೆ ಮತ್ತೆ ಹೇಳುತ್ತಿತ್ತು. ನಿನ್ನ ಜನರ ಪುಸ್ತಕ ತೆಗೆದುಕೋ, ಉಳಿದದ್ದೂ ನಿನ್ನದೇ ಎಂದಿತು ಹಕ್ಕಿ. ಮಾಳವ್ವ ಮೇಲಿನ ಸಾಲು ಹುಡುಕಿದಳು, ನಡುವಿನ ಸಾಲು ಹುಡುಕಿದಳು, ಕೆಳಗಿನ ಸಾಲು ಹುಡುಕಿದಳು. ಕುರಿ ಕಾಯುವವರ ಪುಸ್ತಕ ಒಂದೂ ಇರಲಿಲ್ಲ. ಆಗ ಅವಳಿಗೆ ಹೊಳೆಯಿತು. ಅವಳ ಜನ ಹಾಡಿದ್ದರು, ಹೇಳಿದ್ದರು, ಆದರೆ ಯಾರೂ ಬರೆದಿರಲಿಲ್ಲ. ಜಟಂಗ ಕದಿಯುವ ಮೊದಲೂ ಪುಸ್ತಕದ ಮನೆಯಲ್ಲಿ ಅವರ ಜಾಗ ಖಾಲಿಯೇ ಇತ್ತು.

ಇಲ್ಲದ್ದನ್ನು ನಾನೇ ಬರೆದರೆ ಆದೀತೇ ಎಂದು ಅವಳು ಕೇಳಿದಳು. ಹೀಗೆ ಇದುವರೆಗೆ ಯಾರೂ ಕೇಳಿರಲಿಲ್ಲ. ಎರಡು ತಲೆಗಳೂ ಒಂದರ ಮುಖ ಒಂದು ನೋಡಿಕೊಂಡವು. ಸೂರ್ಯ ಮುಳುಗುವುದರೊಳಗೆ ಮುಗಿಯಬೇಕು ಎಂದವು. ಹಕ್ಕಿ ತನ್ನದೇ ಒಂದು ಗರಿ ಕಿತ್ತು ಕೊಟ್ಟಿತು.

ಮಾಳವ್ವ ಅದುವರೆಗೆ ಬರೆದದ್ದು ಕುರಿಯ ಬೆನ್ನ ಮೇಲಿನ ಗುರುತು ಮತ್ತು ತನ್ನ ಹೆಸರು, ಅಷ್ಟೇ. ಮೊದಲ ಸಾಲು ಬರೆದು ಹೊಡೆದುಹಾಕಿದಳು. ಎರಡನೆಯದನ್ನೂ ಹೊಡೆದುಹಾಕಿದಳು. ಅರಮನೆಯಿಂದ ಶುರುಮಾಡಲು ಹೊರಟಿದ್ದಳು, ಅದು ಕೈಗೆ ಬರಲಿಲ್ಲ. ಮೂರನೆಯ ಸಲ, ತಂಗಿ ಜಾಲಿ ಮರದ ಕೆಳಗೆ ಕೂತಿದ್ದಾಳೆಂದು ಎಣಿಸಿಕೊಂಡು, ಅವಳಿಗೆ ಹೇಳುವಂತೆಯೇ ಬರೆದಳು. ಹೊನ್ನವ್ವ ಕುರಿಗಳನ್ನು ಲೆಕ್ಕ ಹಿಡಿದು ಎಣಿಸದೆ ಒಂದೊಂದರ ಹೆಸರು ಕೂಗಿ ಕರೆಯುತ್ತಿದ್ದದ್ದು. ತೋಳ ಬಂದ ದಿನ ಮರಿಯೊಂದನ್ನು ಹುಡುಕಿಕೊಂಡು ಹಳ್ಳಕ್ಕೆ ಇಳಿದದ್ದು. ತೋಳದ ಮುಂದೆ ನಿಂತು, ಅಪ್ಪನ ಹಾಗೆ ಗಂಟಲು ದಪ್ಪ ಮಾಡಿ ಗದರಿಸಿದ್ದು, ತೋಳ ಬೆಪ್ಪಾಗಿ ಕೂತದ್ದು. ಮುತ್ತಾತನ ಬೆಂಕಿಯನ್ನೂ ಬರೆದಳು, ಮುಚ್ಚಿಡಲಿಲ್ಲ.

ಇಳಿಹೊತ್ತಿಗೆ ಜಟಂಗ ಬಂದ. ಇಪ್ಪತ್ತೈದರ ಯುವಕನಂತಿದ್ದ. ಅವನು ಕೂಗಾಡಲಿಲ್ಲ. ಪಕ್ಕದಲ್ಲಿ ಕೂತು ಮೆಲ್ಲಗೆ ಮಾತಾಡಿದ.

"ಕುರಿ ಕಾಯುವ ಹುಡುಗಿಯ ಕತೆ ಯಾರಿಗೆ ಬೇಕು ಮಗಳೇ? ಬೇಕಾದರೆ ನನ್ನ ಪುಸ್ತಕದ ನಾಲ್ಕನೆಯ ಹಾಳೆಯಲ್ಲಿ ನಿನ್ನ ತಂಗಿಗೆ ಜಾಗ ಕೊಡುತ್ತೇನೆ. ರಾಜಕುಮಾರನ ಕಾಲಿಗೆ ನೀರು ಕೊಡುವ ದಾಸಿ. ಇವತ್ತೇ ಅವಳ ಮೈ ತುಂಬಿಕೊಳ್ಳುತ್ತದೆ."

ಮಾಳವ್ವನ ಗರಿ ನಿಂತಿತು. ಹೂಂ ಎಂದರೆ ಸಾಕು, ತಂಗಿ ಉಳಿಯುತ್ತಾಳೆ. ಕಿಟಕಿಯಲ್ಲಿ ಸೂರ್ಯ ಬೆಟ್ಟದ ತುದಿಗೆ ತಾಗಿದ್ದ. ಉಳಿದ ಸಾಲುಗಳು ಇನ್ನೂ ಹತ್ತು. ಆದರೆ ಹಳ್ಳದಲ್ಲಿ ತೋಳವನ್ನು ಗದರಿಸಿದವಳು ಜೀವನಪೂರ್ತಿ ಯಾರದೋ ಕಾಲಿಗೆ ನೀರು ಹಿಡಿದು ನಿಂತಿರುವುದನ್ನು ನೆನೆದಾಗ ಅವಳಿಗೆ ಉತ್ತರ ಸಿಕ್ಕಿತು.

"ನನ್ನ ತಂಗಿ ಅವಳ ಕತೆಯಾಗೆ ಅವಳೇ ಇರ್ತಾಳೆ," ಎಂದು ತಲೆ ಎತ್ತದೆ ಬರೆಯತೊಡಗಿದಳು.

ಜಟಂಗ ಮಂತ್ರ ಹೇಳಿ ಮಸಿಕುಡಿಕೆಯನ್ನು ಒಣಗಿಸಿದ. ಮಾಳವ್ವ ಮುದುಕಿ ಕೊಟ್ಟ ಜೇನುರೊಟ್ಟು ಹಿಂಡಿ, ಬಂದ ಜೇನಿಗೆ ದೀಪದ ಕಾಡಿಗೆ ಕಲಸಿ ಕೊನೆಯ ಸಾಲುಗಳನ್ನು ಬರೆದಳು. ಸೂರ್ಯನ ಅಂಚು ಇನ್ನೂ ಕಾಣುತ್ತಿದ್ದಾಗ ಹಾಳೆಗಳನ್ನು ಹಕ್ಕಿಯ ಮುಂದಿಟ್ಟಳು. ಹಕ್ಕಿ ಎರಡು ಬಾಯಿಂದ ಓದಿತು. ಆ ದನಿ ಗೋಪುರದಿಂದ ಇಳಿದು ಬೀದಿಗೆ, ಬೀದಿಯಿಂದ ಬಯಲಿಗೆ, ಬಯಲಿನಿಂದ ಕಂಬಳಿ ನೇಯುವವನ ಗುಡಿಸಲಿಗೆ ಹೋಯಿತು. ಉಸಿರಿನಷ್ಟೇ ಉಳಿದಿದ್ದ ಹೊನ್ನವ್ವ ತನ್ನ ಹೆಸರು ಕೇಳಿದಳು. ತೋಳ ಬೆಪ್ಪಾಗಿ ಕೂತ ಜಾಗ ಬಂದಾಗ ನಕ್ಕಳು. ನಕ್ಕ ಬಾಯಿಂದ ಶುರುವಾಗಿ ಕೆನ್ನೆ, ಕೊರಳು, ಕೈ, ಕಾಲು ಎಲ್ಲ ಬಣ್ಣ ತುಂಬಿಕೊಂಡವು. ತಾಯಿ ಮಗಳನ್ನು ತಬ್ಬಿಕೊಂಡರೆ ತೋಳುಗಳ ನಡುವೆ ಭಾರವಿತ್ತು.

ಅಷ್ಟರಲ್ಲಿ ಪೊನ್ನಕ್ಕನ ದೋಣಿಯೂ ಬೆಟ್ಟದವರ ಹೊರೆಗಳೂ ಊರು ಸೇರಿದ್ದವು. ಗೋಪುರದ ಪುಸ್ತಕಗಳನ್ನೂ ಹಕ್ಕಿ ಬಿಟ್ಟುಕೊಟ್ಟಿತು. ಕೇರಿ ಕೇರಿಯಲ್ಲಿ ಮಕ್ಕಳು ಪುಸ್ತಕ ತೆರೆದರು, ತೆರೆದಂತೆಲ್ಲ ಮೈ ತುಂಬಿಕೊಂಡರು. ಅವರು ತುಂಬಿಕೊಂಡಷ್ಟೂ ಅವರಿಂದ ಕದ್ದ ಹರೆಯ ಜಟಂಗನ ಮೈ ಬಿಟ್ಟು ಹೋಯಿತು. ಗಡ್ಡ ನರೆಯಿತು, ಬೆನ್ನು ಬಾಗಿತು, ಹಲ್ಲು ಉದುರಿದವು. ಕೊನೆಗೆ ಮೆಟ್ಟಿಲ ಮೇಲೆ ಮುನ್ನೂರು ವರ್ಷದ ಮುದುಕನೊಬ್ಬ ಕೂತಿದ್ದ. ಒಂದು ಮಂತ್ರವೂ ನೆನಪಿರಲಿಲ್ಲ. ಯಾವ ಊರಿನವನೆಂದು ಕೇಳಿದರೆ ಅದೂ ನೆನಪಿರಲಿಲ್ಲ. ಅವನು ಮೊಟ್ಟಮೊದಲು ನಾಶಮಾಡಿದ್ದು ತನ್ನ ಊರಿನ ಕತೆಗಳನ್ನೇ ಎಂದು ಎರಡು ತಲೆಯ ಹಕ್ಕಿ ಹೇಳಿತು. ಮಾಳವ್ವ ಅವನ ರೆಟ್ಟೆ ಹಿಡಿದು ಮುನ್ನೂರು ಮೆಟ್ಟಿಲು ಇಳಿಸಿದಳು.

ರಾಜ ಮಲ್ಲಿದೇವ ತಪ್ಪು ತನ್ನದೆಂದು ಸಂತೆಯ ಕಟ್ಟೆಯ ಮೇಲೆ ನಿಂತು ಹೇಳಿದ. ತೋಂಟಯ್ಯ ಹಗ್ಗ ಹೊಸೆಯುವುದನ್ನು ಬಿಟ್ಟು ಹಳೆಯ ಕೆಲಸಕ್ಕೆ ಮರಳಿದ. ಬೆಟ್ಟದವರೂ ಕುರಿಯವರೂ ಕೂತು, ಅತ್ತು, ವಾದಿಸಿ, ಇನ್ನು ಮುಂದೆ ಬೆಟ್ಟಕ್ಕೆ ಬೆಂಕಿ ಇಡಬಾರದೆಂದು ಮಾತಾಡಿಕೊಂಡರು. ಪುಸ್ತಕದ ಮನೆಯಲ್ಲಿ ಮಕ್ಕಳ ಜಗಳ ನಿಲ್ಲಲಿಲ್ಲ. ಆದರೆ ಈಗಿನ ಜಗಳವೆಲ್ಲ ದೋಣಿ ಹುಡುಗಿಯ ಕತೆ ಮೊದಲು ಯಾರಿಗೆ ಎಂಬುದರ ಮೇಲೆ. ತೋಂಟಯ್ಯ ಅದಕ್ಕೆ ಸರದಿ ಗೊತ್ತುಮಾಡಿದ. ಹೊನ್ನವ್ವ ಗಾಳದಂತಹ ಅಕ್ಷರಗಳನ್ನು ಪೊನ್ನಕ್ಕನ ಮಗಳಿಂದ ಕಲಿತಳು, ಅಕ್ಕನಿಗಿಂತ ಬೇಗ. ಜಟಂಗ ಒಂದು ಮೂಲೆಯಲ್ಲಿ ಕೂತು ಮಕ್ಕಳು ಓದುವುದನ್ನು ಕೇಳುತ್ತಿದ್ದ, ಗಂಜಿ ಕೊಟ್ಟರೆ ಕುಡಿಯುತ್ತಿದ್ದ.

ಹೀಗೆ ಏಳುಹೊಳೆಯ ಜನ ಉಂಡು, ಓದಿ, ಒಬ್ಬರ ಮಾತು ಒಬ್ಬರು ಕೇಳಿ ಬಹುಕಾಲ ಸುಖವಾಗಿ ಬಾಳಿದರು. ಹೇಳಿದವರ ನಾಲಿಗೆಗೂ ಕೇಳಿದವರ ಕಿವಿಗೂ ತಂಪಾಗಲಿ.